ಬೈಕ್ ಫಿಟ್ ರಿಪೋರ್ಟ್ ಕೈಲಿದೆ, ಈಗ ರೋಡ್ ಬೈಕ್ 52 ತಗೊಳ್ಳೋದಾ 54 ತಗೊಳ್ಳೋದಾ?

ಹೈಬ್ರಿಡ್ ಹರಿ
ಎಲ್ರಿಗೂ ನಮಸ್ಕಾರ. ಹೈಬ್ರಿಡ್ ಸೈಕಲ್ ಓಡ್ಸಿ ಓಡ್ಸಿ ಸಾಕಾಗಿ ಈಗ ರೋಡ್ ಬೈಕ್ ತಗೊಳ್ಳೋಣ ಅಂತಿದೀನಿ. ವೀಕೆಂಡ್ ಹೆಸರಘಟ್ಟ ಕಡೆ, ಆಗಾಗ ನಂದಿ ಬೆಟ್ಟ, ಮುಂದಿನ ವರ್ಷ ಒಂದು 200 ಕಿಮೀ ಬ್ರೆವೆ (ಟೈಮ್ ಒಳಗೆ ಮುಗಿಸೋ ಲಾಂಗ್ ರೈಡ್) ಮಾಡೋ ಆಸೆನೂ ಇದೆ. ದುಡ್ಡು ಹಾಕೋ ಮುಂಚೆ ಫಿಟ್ ಮಾಡಿಸ್ಕೊಂಡ್ಬಿಡು ಅಂತ ಫ್ರೆಂಡು ತಲೆ ತಿಂದ, ಸರಿ ಅಂತ ಹೋದೆ. ಎಲ್ಲಾ ಕಡೆ ಹಿಂದೆ ಮುಂದೆ ಮೇಲೆ ಕೆಳಗೆ ಆಗೋ ಒಂದು ಫಿಟ್ ಬೈಕ್ ಮೇಲೆ ಕೂರ್ಸಿ, ಮಂಡಿಗೆ ಸೊಂಟಕ್ಕೆ ಸ್ಟಿಕ್ಕರ್ ಅಂಟ್ಸಿ, ತುಳ್ಸಿ ತುಳ್ಸಿ ಕೊನೆಗೆ ಒಂದು ಹಾಳೆ ಕೊಟ್ರು.

ಎತ್ತರ 170 ಸೆಂಮೀ, ಇನ್‌ಸೀಮ್ 81. ಸ್ಯಾಡಲ್ ಹೈಟ್ 715 ಎಂಎಂ, ಸ್ಯಾಡಲ್ ಮೂತಿ ಬಿಬಿಗಿಂತ 55 ಹಿಂದೆ. ಬಾರ್ ಎಕ್ಸ್ 445, ಬಾರ್ ವೈ 620. ಸ್ಯಾಡಲ್‌ಗಿಂತ ಬಾರ್ ಎಷ್ಟು ಕೆಳಗೆ ಅನ್ನೋ ಡ್ರಾಪ್ 65.

ಈ ಹಾಳೆ ಇಟ್ಕೊಂಡು ಏನ್ ಮಾಡ್ಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಕಣ್ಣಿಗೆ ಬಿದ್ದಿರೋದು ಎರಡು. ಬ್ರ್ಯಾಂಡ್ ಹೆಸರು ಹೇಳಲ್ಲ, ಹೇಳಿದ್ರೆ ಇಲ್ಲೇ ಯುದ್ಧ ಶುರುವಾಗುತ್ತೆ. ಎ: ಎಂಡ್ಯೂರೆನ್ಸ್ ಬೈಕು, ಸೈಜ್ 52, ಸ್ಟ್ಯಾಕ್ 561 ರೀಚ್ 371. ಬಿ: ರೇಸ್ ಬೈಕು, ಸೈಜ್ 54, ಸ್ಟ್ಯಾಕ್ 544 ರೀಚ್ 384. ಅಂಗಡಿಯವ್ರು ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ "ಐದು ಏಳಾ? 54 ಸಾರ್, ಕಣ್ಮುಚ್ಕೊಂಡು ತಗೊಳ್ಳಿ" ಅಂದ್ರು. ಬಿ ನೋಡೋಕೂ ಸಖತ್ತಾಗಿದೆ. ಏನ್ಮಾಡ್ಲಿ?

ಚೈನ್‌ರಿಂಗ್ ಚಂದ್ರು
ಎ ತಗೊಳ್ಳಿ. ನೆಕ್ಸ್ಟ್.

ಅಟ್ಲಾಸ್ ಅಣ್ಣ
ಇದೆಲ್ಲಾ ದುಡ್ಡು ಕೀಳೋ ಕೆಲಸ ಕಣ್ರಪ್ಪ. ನಾವು ಬಾರ್ ಒಳಗಿಂದ ಕಾಲು ತೂರ್ಸಿ ಸೈಕಲ್ ಕಲ್ತವ್ರು, ನಮ್ಮಪ್ಪ ಅದೇ ಸೈಕಲ್ಲಲ್ಲಿ ಹಿಂದೆ ಒಂದು ಮೂಟೆ ಹುಲ್ಲು ಕಟ್ಕೊಂಡು ದಿನಾ ಹೊಲಕ್ಕೆ ಹೋಗೋರು. ಯಾರ ಮಂಡಿಗೂ ಸ್ಟಿಕ್ಕರ್ ಅಂಟ್ಸಿರ್ಲಿಲ್ಲ. ಸೀಟ್ ಮೇಲೆ ಕೂತಾಗ ಕಾಲು ನೆಲಕ್ಕೆ ಸಿಗುತ್ತಾ? ಸಿಕ್ರೆ ಅದೇ ಸೈಜು.

ಟಾರ್ಕ್ ರೆಂಚ್
@ಅಟ್ಲಾಸ್ ಅಣ್ಣ ಆ ಕಾಲದಲ್ಲೂ ಸೈಜ್ ಕೇಳ್ತಿದ್ರು ಅಣ್ಣ, 22 ಇಂಚಾ 24 ಇಂಚಾ ಅಂತ ಕೇಳಿ ತಾನೇ ಫ್ರೇಮ್ ತರ್ತಿದ್ದದ್ದು. ಅದ್ರಲ್ಲಿ ಬೆನ್ನು ನೆಟ್ಟಗೆ ಇಟ್ಕೊಂಡು ಕೂರ್ತೀವಿ, ಭಾರವೆಲ್ಲ ಕುಂಡಿ ಮೇಲೆ, ಒಂದೆರಡು ಇಂಚು ಆಚೀಚೆ ಆದ್ರೆ ನಡೆಯುತ್ತೆ. ರೋಡ್ ಬೈಕಲ್ಲಿ ಮುಂದೆ ಬಾಗ್ತೀವಿ, ಕೈ ಕತ್ತು ಸೊಂಟ ಮೂರೂ ಭಾರ ಹಂಚ್ಕೊಳ್ಳುತ್ತೆ, ಅಲ್ಲಿ ಒಂದು ಸೆಂಮೀ ಕೂಡ ಗೊತ್ತಾಗುತ್ತೆ. ಇನ್ನೊಂದು, ರೋಡ್ ಬೈಕಲ್ಲಿ ಸೀಟ್ ಮೇಲೆ ಕೂತು ಕಾಲು ಪೂರ್ತಿ ನೆಲಕ್ಕೆ ಸಿಕ್ತು ಅಂದ್ರೆ ಸೀಟ್ ಕೆಳಗಿದೆ ಅಂತ ಅರ್ಥ. ಹಾಗೇ ಓಡ್ಸಿ, ಮಂಡಿ ಮುಂಭಾಗ ಹಿಡ್ಕೊಳ್ಳುತ್ತೆ.

ಈಗ ಹರಿ ವಿಷಯಕ್ಕೆ. ಮೊದ್ಲು 52, 54 ಅನ್ನೋದನ್ನ ತಲೆಯಿಂದ ತೆಗ್ದಾಕಿ. ಹಿಂದೆ ಟಾಪ್ ಟ್ಯೂಬ್, ಅಂದ್ರೆ ಫ್ರೇಮಿನ ಮೇಲಿನ ಅಡ್ಡ ಕೊಳವೆ, ನೆಲಕ್ಕೆ ಸಮವಾಗಿ ಇರ್ತಿತ್ತು, ಸೀಟ್ ಕೆಳಗಿನ ಸೀಟ್ ಟ್ಯೂಬ್ ಉದ್ದ 54 ಸೆಂಮೀ ಅಂದ್ರೆ ಅದಕ್ಕೊಂದು ಅರ್ಥ ಇತ್ತು. 1990ರ ದಶಕದ ಕೊನೆಗೆ ಜೈಂಟ್ ಟಿಸಿಆರ್ ಬಂದು ಟಾಪ್ ಟ್ಯೂಬ್ ಇಳಿಜಾರು ಮಾಡಿ ಎಸ್ ಎಂ ಎಲ್ ಅಂತ ಮಾರಿದ್ಮೇಲೆ ಆ ಲೆಕ್ಕ ಮುಗೀತು. ಈಗ ಆ ನಂಬರ್ ಬಟ್ಟೆ ಅಂಗಡಿ ಶರ್ಟ್ ಸೈಜ್ ಇದ್ದಂಗೆ, ಒಬ್ರ ಎಂ ಇನ್ನೊಬ್ರ ಎಲ್. ನೋಡಿ, ಸ್ಪೆಷಲೈಸ್ಡ್ ಟಾರ್ಮ್ಯಾಕ್ ಎಸ್‌ಎಲ್7 ಸೈಜ್ 54: ಸ್ಟ್ಯಾಕ್ 544 ರೀಚ್ 384. ಟ್ರೆಕ್ ಡೊಮೇನ್ ಸೈಜ್ 54: ಸ್ಟ್ಯಾಕ್ 575 ರೀಚ್ 374. ಎರಡೂ 54ಏ, ಆದ್ರೆ ಮುಂಭಾಗ 31 ಎಂಎಂ ಎತ್ತರ ವ್ಯತ್ಯಾಸ. ಒಂದರ ಮೇಲೆ ಆರಾಮಾಗಿ ಕೂರೋನು ಇನ್ನೊಂದರ ಮೇಲೆ ಕತ್ತು ಹಿಡ್ಕೊಂಡು ಬರ್ತಾನೆ.

ಹೈಬ್ರಿಡ್ ಹರಿ
ಹಂಗಿದ್ರೆ ಬಿ ಅಂದ್ರೆ ಯಾವ ಬೈಕು ಅಂತ ಎಲ್ರಿಗೂ ಗೊತ್ತಾಗೋಯ್ತಲ್ಲ 😅

ಚೈನ್‌ರಿಂಗ್ ಚಂದ್ರು
ನಂಬರ್ ಹಾಕಿದಾಗ್ಲೇ ಗೊತ್ತಾಯ್ತು ಗುರು. ಎ ಕೂಡ ಗೊತ್ತಾಯ್ತು.

ಸುಮ್ನೆ ಸವಾರ
ಸ್ಟ್ಯಾಕು ರೀಚು ಅಂದ್ರೆ ಏನು ಅಂತ ಯಾರಾದ್ರೂ ಕನ್ನಡದಲ್ಲಿ ಹೇಳ್ರಪ್ಪ, ವಿಡಿಯೋ ನೋಡಿ ನೋಡಿ ತಲೆ ಕೆಟ್ಟೋಗಿದೆ.

ಟಾರ್ಕ್ ರೆಂಚ್
ಪೆಡಲ್ ಕ್ರ್ಯಾಂಕ್ ಸುತ್ತುತ್ತಲ್ಲ ಆ ಗೂಡಿನ ನಡುಮಧ್ಯ, ಅದೇ ಬಿಬಿ. ಅಲ್ಲಿಂದ ನೇರ ಮೇಲಕ್ಕೆ, ಹೆಡ್ ಟ್ಯೂಬ್ (ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ತುದಿ ಎಷ್ಟು ಎತ್ತರದಲ್ಲಿದೆ ಅನ್ನೋದು ಸ್ಟ್ಯಾಕ್. ಅದೇ ಬಿಬಿಯಿಂದ ಆ ತುದಿ ಅಡ್ಡಕ್ಕೆ ಎಷ್ಟು ಮುಂದಿದೆ ಅನ್ನೋದು ರೀಚ್. ಸೀಟನ್ನ ಮೇಲೆ ಕೆಳಗೆ ಹಿಂದೆ ಮುಂದೆ ಮಾಡ್ಕೋಬಹುದು, ಹೆಡ್ ಟ್ಯೂಬ್ ತುದಿಯನ್ನ ಯಾರಪ್ಪನ ಕೈಲೂ ಸರಿಸೋಕಾಗಲ್ಲ. ಅದಕ್ಕೇ ಫ್ರೇಮ್ ಆರಿಸುವಾಗ ಅದನ್ನ ನೋಡೋದು.

ಸ್ಪ್ರೆಡ್‌ಶೀಟ್ ಶ್ರೀನಿ
ಹರಿ ಅವ್ರೇ, ನಿಮ್ ಹಾಳೆಲಿ ಚಿನ್ನದಂಥ ನಂಬರ್ ಎರಡಿವೆ, ಬಾರ್ ಎಕ್ಸ್ 445, ಬಾರ್ ವೈ 620. ಅಂದ್ರೆ ಬಿಬಿಯಿಂದ ನಿಮ್ಮ ಹ್ಯಾಂಡಲ್‌ಬಾರ್ ಮಧ್ಯ 445 ಮುಂದೆ, 620 ಮೇಲೆ ಇರ್ಬೇಕು. ಬೈಕ್ ಯಾವ್ದಾದ್ರೂ ಆಗ್ಲಿ, ಬಾರ್ ಆ ಜಾಗಕ್ಕೆ ಬಂದು ನಿಲ್ಲುತ್ತಾ, ನಿಲ್ಲೋಕೆ ಏನೇನು ಸರ್ಕಸ್ ಮಾಡ್ಬೇಕು, ಇಷ್ಟೇ ಪ್ರಶ್ನೆ.

ಲೆಕ್ಕ ಹಾಕೋಣ. ಹೆಡ್ ಟ್ಯೂಬ್ ಒಳಗಿಂದ ಮೇಲೆ ಬರೋ ಫೋರ್ಕ್ ಕೊಳವೆ ಸ್ಟೀರರ್, ಅದಕ್ಕೆ ಬಾರ್ ಹಿಡಿಸೋ ತುಂಡು ಸ್ಟೆಮ್, ಸ್ಟೆಮ್ ಕೆಳಗೆ ಪೇರಿಸೋ ಉಂಗುರ ಸ್ಪೇಸರ್. ಹೆಡ್ ಟ್ಯೂಬ್ ವಾಲಿರೋ ಕೋನ, ಅಂದ್ರೆ ಹೆಡ್ ಆಂಗಲ್, 73 ಡಿಗ್ರಿ ಅಂತ ಇಟ್ಕೊಳ್ಳಿ. ಹೆಡ್‌ಸೆಟ್ ಮುಚ್ಚಳ 10 ಎಂಎಂ, ಸ್ಟೆಮ್ ಸ್ಟೀರರ್ ಹಿಡಿಯೋ ಜಾಗದ ಅರ್ಧ 20. ಎ ಫ್ರೇಮಿಗೆ 15 ಎಂಎಂ ಸ್ಪೇಸರ್ ಹಾಕಿದ್ರೆ ಒಟ್ಟು 45. ಸ್ಟೀರರ್ ಹಿಂದಕ್ಕೆ ವಾಲಿರುತ್ತಲ್ಲ, ಅದಕ್ಕೆ ಆ 45ರಲ್ಲಿ ಮೇಲಕ್ಕೆ ಸಿಗೋದು 43, ಹಿಂದಕ್ಕೆ ಹೋಗೋದು 13. ಅದರ ಮೇಲೆ ಮೈನಸ್ 6 ಡಿಗ್ರಿ 90ರ ಸ್ಟೆಮ್: ಮುಂದಕ್ಕೆ 88, ಮೇಲಕ್ಕೆ 17. ಎಕ್ಸ್ 371 - 13 + 88 = 446. ವೈ 561 + 43 + 17 = 621. ಬಂದು ಕೂತ್ಕೊಳ್ತು ನೋಡಿ! ಸ್ಪೇಸರ್ 15, ಸ್ಟೆಮ್ 90, ಎರಡೂ ಮಾಮೂಲಿ ಸೈಜು.

ಈಗ ಬಿ. ಅದೇ ಜಾಗಕ್ಕೆ ಬಾರ್ ಬರ್ಬೇಕು ಅಂದ್ರೆ 80ರ ಸ್ಟೆಮ್ ಹಾಕಿ ಹತ್ರ ಹತ್ರ 35 ಎಂಎಂ ಸ್ಪೇಸರ್ ಪೇರಿಸ್ಬೇಕು. ಕೂತ್ಕೊಳ್ಳುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕಾರ್ಬನ್ ಸ್ಟೀರರ್‌ಗೆ ಎಷ್ಟು ಸ್ಪೇಸರ್ ಹಾಕ್ಬಹುದು ಅಂತ ಪ್ರತಿ ಕಂಪನಿನೂ ಮಿತಿ ಇಟ್ಟಿರುತ್ತೆ, ಮ್ಯಾನುಯಲ್‌ನಲ್ಲಿ ನೋಡ್ಕೊಳ್ಳಿ, ಬಹಳಷ್ಟು ಕಡೆ 30-40ರ ಒಳಗೇ. ಅಲ್ಲಿಗೆ ನೀವು ತಗೊಂಡ ದಿನವೇ ಕೊನೇ ಅಂಚಲ್ಲಿ ನಿಂತಂಗೆ. ನಾಳೆ ಬೆನ್ನು ನೋವು ಬಂದು ಇನ್ನೊಂದು ಸೆಂಮೀ ಏರ್ಸೋಣ ಅಂದ್ರೆ ಜಾಗ ಇಲ್ಲ.

ಗೇರ್ ಗಿರೀಶ
ರೇಸ್ ಬೈಕ್ ಮೇಲೆ ಸ್ಪೇಸರ್ ಗೋಪುರ, ಆಹಾ, ಏನ್ ಚೆಂದ 😂

ಸ್ಪ್ರೆಡ್‌ಶೀಟ್ ಶ್ರೀನಿ
ಚೆಂದ ಇಲ್ಲ ಅನ್ನೋದು ಬಿಡಿ, ಸ್ಪೇಸರ್ ಹಾಕಿದಷ್ಟೂ ರೀಚ್ ಕಮ್ಮಿ ಆಗುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 10 ಎಂಎಂ ಸ್ಪೇಸರ್‌ಗೆ ಹತ್ರ ಹತ್ರ 3 ಎಂಎಂ ರೀಚ್ ಹೋಗುತ್ತೆ. ಅದಕ್ಕೇ ಎರಡು ಬೈಕಿನ ರೀಚ್ ಮಾತ್ರ ಅಕ್ಕಪಕ್ಕ ಇಟ್ಟು "ಇದು 13 ಎಂಎಂ ಉದ್ದ" ಅನ್ನೋದು ತಪ್ಪು. ಮೊದ್ಲು ಸ್ಟ್ಯಾಕ್ ಸಮ ಮಾಡ್ಕೊಂಡು ಆಮೇಲೆ ರೀಚ್ ಹೋಲಿಸ್ಬೇಕು. ಬಿ ಸ್ಟ್ಯಾಕ್ 17 ಕಮ್ಮಿ, ಅದನ್ನ ಸ್ಪೇಸರ್‌ನಿಂದ ತುಂಬಿದ್ರೆ 5 ಎಂಎಂ ಹಿಂದೆ ಬರುತ್ತೆ, ಅಂದ್ರೆ ನಿಜವಾದ ವ್ಯತ್ಯಾಸ 8.

ಮಂಗಳೂರು ಮಳೆ
ಶ್ರೀನಿ ಮಾರಾಯ್ರೆ ಲೆಕ್ಕ ಸರಿ ಉಂಟು, ಆದ್ರೆ ನೀವು ಬಾರ್ ಮಧ್ಯದಲ್ಲೇ ನಿಲ್ಲಿಸಿದ್ರಿ. ಕೈ ಇಡುವುದು ಬ್ರೇಕ್ ಲಿವರ್‌ನ ಹುಡ್ ಮೇಲೆ ಅಲ್ವಾ? ಒಂದು ಬಾರ್‌ನ ರೀಚ್ (ಬಾರ್ ಮುಂದಕ್ಕೆ ಚಾಚಿರುವ ಉದ್ದ) 70 ಇರ್ತದೆ, ಇನ್ನೊಂದರದ್ದು 85. ಸ್ಟೆಮ್ ಅದೇ, ಫ್ರೇಮ್ ಅದೇ, ಬಾರ್ ಒಂದು ಬದಲಾಯಿಸಿದ್ರೆ ಕೈ 15 ಎಂಎಂ ಮುಂದೆ ಹೋಯ್ತು. ಫಿಟ್ ಬೈಕಿನಲ್ಲಿ ಯಾವ ಬಾರ್ ಇತ್ತು ಅಂತ ಕೇಳಿ. ಲಿವರ್ ಯಾವ ಕಂಪನಿದು ಅಂತಲೂ ಕೇಳಿ, ಹುಡ್ ಉದ್ದ ಒಂದೊಂದು ನಮೂನೆ ಇರ್ತದೆ.

ಸ್ಪ್ರೆಡ್‌ಶೀಟ್ ಶ್ರೀನಿ
ಹೌದು, ಒಳ್ಳೇ ಪಾಯಿಂಟು. ಒಳ್ಳೇ ಫಿಟ್ಟರ್ ಆದ್ರೆ ಸ್ಯಾಡಲ್ ಮೂತಿಯಿಂದ ಹುಡ್‌ಗೆ ಎಷ್ಟು ಅಂತ ಒಂದು ಅಳತೆ ಕೊಟ್ಟಿರ್ತಾರೆ.

ಕ್ಲೀಟ್ ಕಾವ್ಯ
ನಾನು ಫಿಸಿಯೋ, ಸೈಕಲ್ಲೂ ಹೊಡೀತೀನಿ, ಎರಡು ಮಾತು. ರಿಪೋರ್ಟ್ ಅಳತೆ ಒಂದು ಚುಕ್ಕಿ ಅಲ್ಲ, ಒಂದು ವಲಯ ಅನ್ಕೊಳ್ಳಿ. ಇವತ್ತು ನಿಮ್ಮ ತೊಡೆ ಹಿಂಭಾಗ ಬಿಗಿಯಾಗಿದೆ, ಆಫೀಸಲ್ಲಿ ಕುರ್ಚಿ ಮೇಲೆ ಕೂತು ಕೂತು ಸೊಂಟ ಮುಂದಕ್ಕೆ ತಿರುಗಲ್ಲ, ಅದಕ್ಕೆ ಡ್ರಾಪ್ 65 ಬಂತು. ಆರು ತಿಂಗಳು ಚೆನ್ನಾಗಿ ಓಡಿಸಿ, ಸ್ವಲ್ಪ ಸ್ಟ್ರೆಚ್ ಮಾಡಿ, 75 ಬೇಕು ಅನ್ನಿಸ್ಬಹುದು. ಇಲ್ಲಾ ಡೆಡ್‌ಲೈನ್ ಅಂತ ಸೈಕಲ್ ಬಿಟ್ಟು ಹೊಟ್ಟೆ ಬಂದ್ರೆ 50 ಬೇಕಾಗ್ಬಹುದು. ಹಾಗಾಗಿ ಎರಡೂ ಕಡೆ ಜಾಗ ಇರೋ ಫ್ರೇಮ್ ತಗೋಬೇಕು. ಶ್ರೀನಿ ಲೆಕ್ಕದಲ್ಲಿ ಎ ಹಾಗಿದೆ, 15 ಇಳಿಸ್ಬಹುದು, 15 ಏರಿಸ್ಬಹುದು.

ಇನ್ನೊಂದು, ಇನ್‌ಸೀಮ್ 81 ಅನ್ನೋದು ಅವ್ರು ಅಳೆದದ್ದಾ ನೀವು ಹೇಳಿದ್ದಾ? ಪ್ಯಾಂಟ್ ಮೇಲಿನ ನಂಬರ್ ಹೇಳೋರು ಸಿಕ್ಕಾಪಟ್ಟೆ ಜನ.

ಹೈಬ್ರಿಡ್ ಹರಿ
ಅವ್ರೇ ಅಳೆದ್ರು ಮೇಡಂ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಸಿ, ಕಾಲ ಸಂದಿಲಿ ಒಂದು ದಪ್ಪ ರಟ್ಟಿನ ಪುಸ್ತಕ ಇಟ್ಟು ಮೇಲಕ್ಕೆ ಒತ್ತಿ ಹಿಡ್ಕೊಳ್ಳಿ ಅಂದ್ರು. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರ್ಬೇಕಂತೆ, ಓರೆ ಆದ್ರೆ ಅಳತೆ ಹಾಳಂತೆ. ಇನ್ನೂ ಒತ್ತಿ ಇನ್ನೂ ಒತ್ತಿ ಅಂದು ಕಣ್ಣಲ್ಲಿ ನೀರು ಬಂದ್ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದ್ರು.

ಕ್ಲೀಟ್ ಕಾವ್ಯ
ಹಾಗಿದ್ರೆ ಸರಿಯಾಗೇ ಅಳೆದಿದಾರೆ 😄 81 ಇಂಟು 0.883 ಮಾಡಿದ್ರೆ 71.5 ಬರುತ್ತೆ, ನಿಮ್ಮ ಸ್ಯಾಡಲ್ ಹೈಟ್‌ಗೆ ಸರಿ ಹೊಂದುತ್ತೆ. ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಕಾಲದ ಹಳೇ ಸೂತ್ರ ಅದು. ಎಲ್ರಿಗೂ ಇಷ್ಟು ಕರೆಕ್ಟಾಗಿ ಬರಲ್ಲ. ಪಾದ ದೊಡ್ಡದಿರೋರಿಗೆ, ಶೂ ಅಡಿ ದಪ್ಪ ಇರೋರಿಗೆ ಬದಲಾಗುತ್ತೆ. ಶುರು ಮಾಡೋಕೆ ಒಂದು ಜಾಗ, ಅಷ್ಟೇ.

ಬಿಜಾಪುರದ ಬಸು
ನೀವು ಬೆಂಗಳೂರಾಗ ಕುಂತು ಕಂಪ್ಯೂಟರ್ ಹಚ್ಚಿ ಅಳೀತೀರಿ, ಛಲೋ ಐತಿ. ನಮ್ಮ ಕಡಿ ವಿಜಯಪುರ, ಬಾಗಲಕೋಟಿ, ಜಮಖಂಡಿ ಹುಡುಗ್ರು ಸೈಕಲ್ ಹೊಡದು ನ್ಯಾಷನಲ್ ಮೆಡಲ್ ತಂದು ರೈಲ್ವೇದಾಗ ನೌಕರಿ ಹಿಡದಾರ, ಅವರಿಗೆ ಯಾವ ಸ್ಟುಡಿಯೋ ಇತ್ರಿ? ನಮ್ಮ ಸರ್ ಗೌಂಡಿಗಳು ಹಿಡೀತಾರಲ್ಲ ದಾರಕ್ಕ ಕಟ್ಟಿದ ಗುಂಡು, ಅದನ್ನ ಮೊಣಕಾಲ ಮುಂದ ಇಳಿಬಿಟ್ಟು ಪೆಡಲ್ ನಡುವ ಬರ್ತದೋ ಇಲ್ಲೋ ನೋಡ್ತಿದ್ರು. ಬರಲಿಲ್ಲಂದ್ರ ಸೀಟ ಹಿಂದ ಮುಂದ. ಹಿಮ್ಮಡಿ ಪೆಡಲ್ ಮ್ಯಾಲ ಇಟ್ಟು ಹಿಂದಕ್ಕ ತುಳಸ್ತಿದ್ರು, ಕಾಲ ಪೂರಾ ನೆಟ್ಟಗಾಗಬೇಕು, ಟೊಂಕ ಅತ್ತಾಗ ಇತ್ತಾಗ ಅಲಗಾಡಬಾರದು. ಮುಗೀತು ಫಿಟ್ಟು. ಸೈಕಲ್ ಸೀನಿಯರ್ ಬಿಟ್ಟದ್ದು ಸಿಗ್ತಿತ್ತು, ಸೈಜು ಆರಸೂ ಪ್ರಶ್ನೀನ ಇರಲಿಲ್ಲ.

ಅಟ್ಲಾಸ್ ಅಣ್ಣ
ನಾನ್ ಹೇಳ್ಲಿಲ್ವಾ!

ಬಿಜಾಪುರದ ಬಸು
ಅಣ್ಣಾ ತಡೀರಿ, ನಿಮ್ಮ ಪಾರ್ಟಿಗೆ ನಾ ಬಂದಿಲ್ಲ. ಹಂಗ ಸಿಕ್ಕ ಸೈಕಲ್ ಹೊಡದು ಟೊಂಕ ಹಿಡಕೊಂಡು ಬಿಟ್ಟ ಹುಡುಗ್ರನ್ನೂ ನೋಡೇನಿ. ಗೆದ್ದವರ ಕತಿ ಅಷ್ಟ ಹೇಳ್ತಾರ ಎಲ್ಲಾರೂ. ಹರಿ ಅವರ ಕಡೆ ರೊಕ್ಕ ಐತಿ, ಆರಸಾಕ ಬರ್ತದ, ಸರೀ ಸೈಜ ತಗೊಳ್ಳಿ ಅಂತೀನಿ.

ಟಾರ್ಕ್ ರೆಂಚ್
ಬಸು ಅಣ್ಣನ ಗುಂಡಿನ ವಿಷಯ ಬಂತಲ್ಲ, ಸೀಟ್ ಟ್ಯೂಬ್ ಆಂಗಲ್ ಯಾರೂ ಎತ್ತಿಲ್ಲ. ರೀಚ್ ಅನ್ನೋದು ಬಿಬಿಯಿಂದ ಮುಂದಕ್ಕೆ ಮಾತ್ರ, ಸೀಟ್ ಎಷ್ಟು ಹಿಂದಿದೆ ಅಂತ ಅದು ಹೇಳಲ್ಲ. ಹರಿ ಸ್ಯಾಡಲ್ ಎತ್ತರಕ್ಕೆ ಸೀಟ್ ಆಂಗಲ್ ಒಂದು ಡಿಗ್ರಿ ಬದಲಾದ್ರೆ ಸೀಟ್ 12 ಎಂಎಂ ಹಿಂದೆ ಮುಂದೆ ಆಗುತ್ತೆ. ಮೂತಿ 55 ಹಿಂದೆ ಅಂತ ರಿಪೋರ್ಟಲ್ಲಿದೆ, ಎರಡೂ ಬೈಕಲ್ಲಿ ಸ್ಯಾಡಲ್ ರೈಲ್ ಮೇಲೆ ಸರಿಸಿ ಅಷ್ಟಕ್ಕೆ ತರೋಕಾಗುತ್ತಾ ನೋಡ್ಕೊಳ್ಳಿ. ಕೆಲವು ಏರೋ ಫ್ರೇಮಿಗೆ ಕಂಪನಿದೇ ಸೀಟ್‌ಪೋಸ್ಟ್ ಬೇಕು, ಸೀಟನ್ನ ಇನ್ನಷ್ಟು ಹಿಂದೆ ಮುಂದೆ ಇಡೋ ಬೇರೆ ಸೆಟ್‌ಬ್ಯಾಕ್ ಬೇಕಂದ್ರೆ ಸಿಗೋದೇ ಕಷ್ಟ.

ಮತ್ತೆ ಫಿಟ್ ಮಾಡಿದ್ದು ಎಷ್ಟು ಉದ್ದದ ಕ್ರ್ಯಾಂಕಲ್ಲಿ (ಪೆಡಲ್ ಹಿಡಿಯೋ ತೋಳು)? ಸಾಮಾನ್ಯವಾಗಿ 52ಕ್ಕೆ 170 ಎಂಎಂ ಬರುತ್ತೆ, 54ಕ್ಕೆ 172.5. ಕ್ರ್ಯಾಂಕ್ 2.5 ಉದ್ದ ಆದ್ರೆ ಸ್ಯಾಡಲ್ 2.5 ಇಳಿಸ್ಬೇಕು.

ಹೈಬ್ರಿಡ್ ಹರಿ
170ರಲ್ಲಿ ಮಾಡಿದ್ದು. ರಿಪೋರ್ಟ್ ಮೂಲೆಲಿ ಸಣ್ಣದಾಗಿ ಬರ್ದಿದೆ.

ಗೇರ್ ಗಿರೀಶ
ಈಗೆಲ್ಲಾ ಶಾರ್ಟ್ ಕ್ರ್ಯಾಂಕ್ ಟ್ರೆಂಡು ಗುರು, ಪೊಗಾಚರ್ 2024ರಲ್ಲಿ 165 ಹಾಕ್ಕೊಂಡು ಟೂರ್ ಡಿ ಫ್ರಾನ್ಸ್ ಗೆದ್ದ. ನೀವೂ 165 ಹಾಕಿ.

ಚೈನ್‌ರಿಂಗ್ ಚಂದ್ರು
ಹೌದು ಅವನು ಗೆದ್ದದ್ದು ಕ್ರ್ಯಾಂಕಿಂದಾನೇ.

ಸಣ್ಣ ಸೈಜ್ ಸಹನಾ
ನೀವೆಲ್ಲ 52-54 ಅಂತ ಜಗಳ ಆಡ್ತಿದೀರ, ನನ್ನ ಹೈಟ್ 155 ಸೆಂಮೀ, ನನ್ ಪಾಡು ಕೇಳಿ. ಅಂಗಡಿಗೆ ಹೋದ್ರೆ ಎಕ್ಸ್‌ಎಸ್ ಸ್ಟಾಕಲ್ಲೇ ಇರಲ್ಲ, ಎಸ್ ತೋರಿಸಿ "ಸೀಟ್ ಇಳಿಸ್ಕೊಡ್ತೀವಿ ಮೇಡಂ" ಅಂತಾರೆ. ಸೀಟ್ ಇಳಿಸಿದ್ರೆ ಕಾಲಿಗೆ ಸಿಗುತ್ತೆ, ಕೈಗೆ? ಇನ್ನೊಂದು ಮಜಾ ನೋಡಿ, ಸಣ್ಣ ಸೈಜಲ್ಲಿ ಟಾಪ್ ಟ್ಯೂಬ್ ಚಿಕ್ಕದು ಅಂತ ಚಾರ್ಟಲ್ಲಿ ತೋರಿಸ್ತಾರೆ, ಆದ್ರೆ ಸೀಟ್ ಟ್ಯೂಬ್ ಆಂಗಲ್ 75ಕ್ಕೆ ನೆಟ್ಟಗೆ ಮಾಡಿ ಚಿಕ್ಕದು ಮಾಡಿರ್ತಾರೆ. ರೀಚ್ ನೋಡಿದ್ರೆ ಹೆಚ್ಚುಕಮ್ಮಿ ಮೇಲಿನ ಸೈಜಿನಷ್ಟೇ. ನನ್ನ ಫಿಟ್ ಪ್ರಕಾರ ಸ್ಯಾಡಲ್ ಹಿಂದೆ ತಳ್ಳಿದ ತಕ್ಷಣ ಬೈಕ್ ಮತ್ತೆ ಉದ್ದ. ದೊಡ್ಡ 700ಸಿ ಚಕ್ರ ಅಷ್ಟು ಸಣ್ಣ ಫ್ರೇಮಿಗೆ ತುರುಕಿದ್ರೆ ತಿರುಗಿಸುವಾಗ ಶೂ ತುದಿ ಮುಂದಿನ ಟೈರ್‌ಗೆ ತಾಗುತ್ತೆ, ಅದು ಬೇರೆ. ರೀಚ್ ಸ್ಟ್ಯಾಕ್ ಅಳತೆ ಕೈಲಿ ಇದ್ದಿದ್ರಿಂದ ಮೂರು ಬೈಕ್ ಅಂಗಡಿಗೆ ಹೋಗದೇ ತಳ್ಳಿಹಾಕಿದೆ, ಅದು ದೊಡ್ಡ ಉಪಕಾರ.

ಕ್ಲೀಟ್ ಕಾವ್ಯ
@ಸಹನಾ ಕ್ರ್ಯಾಂಕ್ ಎಷ್ಟು ಕೊಟ್ರು? ಕೊನೆಗೆ ಯಾವ್ದು ತಗೊಂಡ್ರಿ?

ಸಣ್ಣ ಸೈಜ್ ಸಹನಾ
ಲಿವ್ ಕಂಪನಿದು, ಎಕ್ಸ್‌ಎಸ್. ಕ್ರ್ಯಾಂಕ್ 165. ಕಾಯ್ದು ಕಾಯ್ದು ತರಿಸ್ಕೊಂಡೆ. ಗಿರೀಶ್ ಅವ್ರೇ, 165 ನಮಗೆ ಟ್ರೆಂಡ್ ಅಲ್ಲ, ಅವಶ್ಯಕತೆ.

ಮಂಡ್ಯ ಮಧು
ಫಿಟ್ಟು ಗಿಟ್ಟು ಎಲ್ಲಾ ಸರಿ, ಟೈರ್ ಕ್ಲಿಯರೆನ್ಸ್ ಎಷ್ಟಿದೆ ಕೇಳ್ರಿ ಮೊದ್ಲು. ನಮ್ ರೋಡಿಗೆ 25 ಎಂಎಂ ಟೈರ್ ಹಾಕಿದ್ರೆ ಆ ಫಿಟ್ಟರ್ ಹತ್ರ ಅಲ್ಲ ಮೂಳೆ ಡಾಕ್ಟ್ರ ಹತ್ರ ಹೋಗ್ಬೇಕು. 32 ಹೋಗ್ಬೇಕು. ಊರೂರಿಗೂ ಹಂಪು, ಬಣ್ಣನೂ ಬಳಿದಿರಲ್ಲ.

ಗೇರ್ ಗಿರೀಶ
ಮಂಡ್ಯ ಕಡೆ ಎಲ್ಲಿ ಓಡಿಸ್ತೀರಿ ಮಧು? ಎಕ್ಸ್‌ಪ್ರೆಸ್‌ವೇಲಿ 2023ರಿಂದ ನಮ್ಮನ್ನ ಬಿಡ್ತಿಲ್ವಲ್ಲ.

ಮಂಡ್ಯ ಮಧು
ಸರ್ವಿಸ್ ರೋಡು, ಇಲ್ಲಾ ಒಳಗಡೆ ನಾಲೆ ಏರಿ ಮೇಲೆ. ಬೆಳಿಗ್ಗೆ ಕಬ್ಬಿನ ಗಾಡಿ ಶುರುವಾಗೋ ಮುಂಚೆ ಮುಗಿಸ್ಬೇಕು. ನಾಯಿ ಅಟ್ಟಿಸ್ಕೊಂಡು ಬಂದಾಗ ಯಾವ ಬಾರ್ ಎಕ್ಸ್ ವೈನೂ ನೆನಪಾಗಲ್ಲ ಬಿಡಿ.

ಅಟ್ಲಾಸ್ ಅಣ್ಣ
ನಾಯಿ ಬಂದ್ರೆ ಇಳಿದು ಸೈಕಲ್ ಮಧ್ಯೆ ಇಟ್ಕೊಂಡು ನಿಂತ್ಕೋಬೇಕು. ಓಡಿದ್ರೆ ಓಡಿಸುತ್ತೆ.

ಸ್ಪ್ರೆಡ್‌ಶೀಟ್ ಶ್ರೀನಿ
ಎಲ್ಲಿಂದ ಎಲ್ಲಿಗೆ ಹೋಯ್ತು ಥ್ರೆಡ್ಡು. ಹರಿ, ಬ್ರೆವೆ ಅಂದ್ರಲ್ಲ, 200 ಕಿಮೀಗೆ 13.5 ಗಂಟೆ ಟೈಮ್ ಕೊಡ್ತಾರೆ, ಮೊದಲ ಸಲದವರು ಅದ್ರಲ್ಲಿ ಮುಕ್ಕಾಲು ಪಾಲು ಸೀಟ್ ಮೇಲೇ ಇರ್ತಾರೆ. ಬಿ ಮೇಲೆ ಎರಡು ಗಂಟೆ ಕೂತು ಫೋಟೋ ತೆಗೆಸ್ಕೋಬಹುದು. ಒಂಬತ್ತನೇ ಗಂಟೆಲಿ ಅಂಗೈ ಜೋಮು ಹಿಡಿದಾಗ ಆ 8 ಎಂಎಂ ಗೊತ್ತಾಗುತ್ತೆ.

ಹೈಬ್ರಿಡ್ ಹರಿ
ಅಪ್ಡೇಟ್. ಎಲ್ರ ಮಾತು ಕೇಳಿ ಎ ತಗೊಳ್ಳೋದು ಅಂತ ಡಿಸೈಡ್ ಮಾಡಿ ಅಂಗಡಿಗೆ ಹೋದ್ರೆ 52 ಇಲ್ವಂತೆ, ಬರೋಕೆ ಎರಡು ತಿಂಗಳಾಗುತ್ತಂತೆ. ಎ ನಲ್ಲೇ 54 ಇದೆ, ಸ್ಟ್ಯಾಕ್ 575 ರೀಚ್ 374, "ರೀಚ್ ಬರೀ 3 ಎಂಎಂ ಜಾಸ್ತಿ ಸಾರ್, ಸ್ಟೆಮ್ ಫ್ರೀಯಾಗಿ ಬದಲಾಯಿಸ್ಕೊಡ್ತೀವಿ, ಡಿಸ್ಕೌಂಟೂ ಕೊಡ್ತೀವಿ" ಅಂದ್ರು. ನಾನೂ ಅಲ್ಲೇ ಫೋನಲ್ಲಿ ಲೆಕ್ಕ ಹಾಕೋಕೆ ಹೋಗಿ ಗಲಿಬಿಲಿ ಆಯ್ತು. ಶ್ರೀನಿ ಸರ್ ಕಾಪಾಡಿ.

ಸ್ಪ್ರೆಡ್‌ಶೀಟ್ ಶ್ರೀನಿ
ರೀಚ್ ಬರೀ 3 ಅನ್ನೋದು ನಿಜ, ಸ್ಟ್ಯಾಕ್ 14 ಜಾಸ್ತಿ ಅನ್ನೋದನ್ನ ನುಂಗಿದ್ರು ನೋಡಿ. ಬಾರ್ 445, 620ಕ್ಕೆ ಬರ್ಬೇಕಂದ್ರೆ 80ರ ಸ್ಟೆಮ್, ಸ್ಪೇಸರ್ ಸೊನ್ನೆ. ಮುಚ್ಚಳದ ಮೇಲೆ ನೇರ ಸ್ಟೆಮ್. ಇವತ್ತಿಗೆ ಸರಿಯಾಗೇ ಕೂರುತ್ತೆ. ಕಾವ್ಯ ಅವ್ರು ಹೇಳಿದಂಗೆ ನಾಳೆ 10 ಎಂಎಂ ಇಳಿಸೋಣ ಅಂದ್ರೆ ಇಳಿಸೋಕೆ ಏನೂ ಇಲ್ಲ, ಮೈನಸ್ 17 ಸ್ಟೆಮ್ ಹುಡುಕ್ಬೇಕು. ಬಿ ನಲ್ಲಿ ಏರಿಸೋಕೆ ಜಾಗ ಇರ್ಲಿಲ್ಲ, ಇದ್ರಲ್ಲಿ ಇಳಿಸೋಕೆ ಜಾಗ ಇಲ್ಲ.

ಟಾರ್ಕ್ ರೆಂಚ್
ಜೊತೆಗೆ 172.5 ಕ್ರ್ಯಾಂಕು. ಡಿಸ್ಕೌಂಟ್ ಎಷ್ಟು ಕೊಡ್ತಾರೆ? ಹತ್ತು ವರ್ಷ ಇಟ್ಕೊಳ್ಳೋ ಬೈಕಿಗೆ ಎರಡು ತಿಂಗಳು ಏನು ಮಹಾ.

ಗೇರ್ ಗಿರೀಶ
ನಾನಾಗಿದ್ರೆ 54 ತಗೊಂಡು ಇಷ್ಟೊತ್ತಿಗೆ ನಂದಿ ಮೇಲಿರ್ತಿದ್ದೆ.

ಬಿಜಾಪುರದ ಬಸು
ನೀವು ಬೆಟ್ಟದ ಮ್ಯಾಲ ಹೋಗಿ ಟೊಂಕ ಹಿಡಕೊಂಡು ಕುಂಡ್ರತಿದ್ರಿ. ಹರಿ, ತಡೀರಿ. 52 ಬರಲಿ.

ಸಣ್ಣ ಸೈಜ್ ಸಹನಾ
ನಾನೂ ಕಾಯಿರಿ ಅಂತೀನಿ. ಸ್ಟಾಕಲ್ಲಿರೋದನ್ನ ನಿಮ್ಮ ಸೈಜ್ ಅಂತ ಒಪ್ಪಿಸೋದು ಅವ್ರ ಕೆಲಸ.

ಹೈಬ್ರಿಡ್ ಹರಿ
ಅಡ್ವಾನ್ಸ್ ಕೊಟ್ಟು 52 ಬುಕ್ ಮಾಡಿದೆ. ಬರೋವಾಗ 90ರ ಸ್ಟೆಮ್ ಹಾಕ್ಸಿ, ಇಲ್ಲದಿದ್ರೆ ಬದಲಾಯಿಸಿ ಕೊಡಿ ಅಂತ ಬಿಲ್ ಮೇಲೇ ಬರ್ಸಿದೀನಿ. ಮನೇಲಿ ಮಾತ್ರ 54ರ ಡಿಸ್ಕೌಂಟ್ ವಿಷಯ ಹೇಳಿಲ್ಲ.

ಟಾರ್ಕ್ ರೆಂಚ್
ಒಳ್ಳೇದು. ಅಸೆಂಬಲ್ ಮಾಡುವಾಗ "ನೀಟಾಗಿ ಕಾಣುತ್ತೆ ಸಾರ್" ಅಂತ ಸ್ಟೀರರ್ ಕತ್ತರಿಸೋಕೆ ಬರ್ತಾರೆ, ಬಿಡ್ಬೇಡಿ. ಮಿಕ್ಕ ಸ್ಪೇಸರ್‌ನ ಸ್ಟೆಮ್ ಮೇಲ್ಗಡೆ ಹಾಕಿಸ್ಕೊಳ್ಳಿ. ಒಂದು ಬ್ರೆವೆ ಮುಗಿಸಿ ಬಾರ್ ಎತ್ತರ ಇದೇ ಅಂತ ಗ್ಯಾರಂಟಿ ಆದ್ಮೇಲೆ ಬೇಕಿದ್ರೆ ಕತ್ತರಿಸಿ, ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕಾಗಲ್ಲ.

ಚೈನ್‌ರಿಂಗ್ ಚಂದ್ರು
ಎ ತಗೊಳ್ಳಿ ಅಂತ ಎರಡನೇ ಪೋಸ್ಟಲ್ಲೇ ಹೇಳಿದ್ದೆ.

ಸ್ಪ್ರೆಡ್‌ಶೀಟ್ ಶ್ರೀನಿ
ಸೈಜ್ ಹೇಳಿರ್ಲಿಲ್ವಲ್ಲ ಚಂದ್ರು.